ಶ್ರುತಿ ಬದಲಿಸಿದ ಗಿಟಾರು

ಕೆನಡಾ ದೇಶದ ಗಾಯಕಿ ಜೋನಿ ಮಿಚೆಲ್ ಅವರು, 9ನೆಯ ವಯಸ್ಸಿನಲ್ಲಿ ತಗಲಿದ ಪೋಲಿಯೋ ವ್ಯಾಧಿಯಿಂದ ದುರ್ಬಲವಾಗಿದ್ದ ತಮ್ಮ ಎಡಗೈಗೆ ರೂಢಿಯ ಸ್ವರಮೇಳಗಳ ಹಿಡಿತವು ಕಠಿನವಾಗಲು, ವಾದ್ಯವನ್ನೇ ಕೈಗೆ ಒಗ್ಗಿಸಿಕೊಂಡು, ಗಿಟಾರಿನ ಆರು ತಂತಿಗಳನ್ನು 50ಕ್ಕೂ ಮಿಕ್ಕ ಬಗೆಗಳಲ್ಲಿ ಶ್ರುತಿಗೊಳಿಸಿದರು. ಅವರ ಗೀತೆಗಳ ಅಪೂರ್ವ ಮಾಧುರ್ಯಕ್ಕೆ ಇದೂ ಒಂದು ಕಾರಣವೆಂದು ನಾನು ದೃಢವಾಗಿ ನಂಬಿದ್ದೇನೆ. ಇ-ಎ-ಡಿ-ಜಿ-ಬಿ-ಇ ಎಂಬ ವಾಡಿಕೆಯ ಕ್ರಮದಲ್ಲಿ ಬೆರಳುಗಳು ತಾವು ಬಲ್ಲುದನ್ನೇ ಮತ್ತೆ ಮತ್ತೆ ನುಡಿಸುತ್ತವೆ. ಆರನೆಯ, ಎರಡನೆಯ, ಮೊದಲನೆಯ ತಂತಿಗಳನ್ನು ಎರಡೆರಡು ಮೆಟ್ಟುಗಳಷ್ಟು ಇಳಿಸಿ ಡಿ-ಎ-ಡಿ-ಜಿ-ಎ-ಡಿ ಮಾಡಿದೊಡನೆಯೇ, ಕಲಿತ ಹಿಡಿತಗಳೆಲ್ಲ ನಿರರ್ಥಕವಾಗಿ, ಷಡ್ಜ ಪಂಚಮಗಳು ಬಿಡಿ ತಂತಿಗಳಲ್ಲಿ ತಂಬೂರಿಯಂತೆ ಅವಿಚ್ಛಿನ್ನವಾಗಿ ಅನುರಣಿಸುತ್ತಿರಲು, ಕಿವಿಯೇ ಮಾರ್ಗದರ್ಶಿಯಾಗುವುದು. ಹೊಸಬರು ಆರನೆಯ ತಂತಿಯೊಂದನ್ನೇ ಮೊದಲು ಇಳಿಸಿ ನೋಡಬಹುದು.