ಉಳಿದ ಪಾವಿನ ಗರಿಗರಿ ತುಂಡು

ಗೋವೆಯಲ್ಲಿ ನೆಲೆಸಿದ ನಮ್ಮ ಸಮಾಜದ ಮನೆಗಳಿಗೆ ಪಾವು ಒಂದು ತೊಡಕಿನ ಪದಾರ್ಥ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಪೊದೇರ ಸೈಕಲ್ಲಿಗೆ ಬುಟ್ಟಿ ಕಟ್ಟಿಕೊಂಡು ಪೋಂ ಪೋಂ ಎಂದು ಹಾರ್ನ್ ಒತ್ತುತ್ತ ಬರುತ್ತಾನೆ. ಮಕ್ಕಳು ಬಾಗಿಲಿಗೆ ಓಡುತ್ತಾರೆ, ಹಿರಿಯರು ಮುಖ ತಿರುಗಿಸುತ್ತಾರೆ. ಹಿಂದೆ ಈ ಹಿಟ್ಟನ್ನು ತೆಂಗಿನ ಸೇಂದಿ ಹಾಕಿ ಹುದುಗಿಸುತ್ತಿದ್ದರು. ಈಗ ಹೆಚ್ಚಾಗಿ ಯೀಸ್ಟ್. ಎರಡೂ ಬೇಡವೆಂದು ಪಾವನ್ನೇ ತಿನ್ನದವರು ನಮ್ಮಲ್ಲಿದ್ದಾರೆ. ನಮ್ಮ ಮನೆಯಲ್ಲಿ ನನ್ನ ಹೆಂಡತಿ ಹಾಗೆ. ಮಗ, ಸೊಸೆ, ಮೊಮ್ಮಕ್ಕಳು ತಿನ್ನುತ್ತಾರೆ. ನಾನು ಮಡಗಾಂವದಲ್ಲಿ ಕಿರಾಣಿ ವ್ಯಾಪಾರಿ. ಬೇಕರಿಗಳಿಗೆ ಮೈದಾ ಚೀಲ ಮಾರಿಯೇ ಸಂಸಾರ ನಡೆದಿದೆ, ಆದ್ದರಿಂದ ಈ ವಾದದಲ್ಲಿ ಬಾಯಿ ಹಾಕುವುದಿಲ್ಲ.

ನಿಜವಾದ ಜಗಳ ಉಳಿದ ಪಾವಿನದು. ಹತ್ತು ತಂದರೆ ನಾಲ್ಕು ಉಳಿಯುತ್ತವೆ. ಸೂರ್ಯಾಸ್ತದ ನಂತರ ನಮ್ಮಲ್ಲಿ ಊಟವಿಲ್ಲ. ನಾಳೆಗೆ ಇಟ್ಟರೆ ಹಳಸಲು, ಬಿಸಾಡಿದರೆ ಅನ್ನಕ್ಕೆ ಅವಮಾನ. ಇಲ್ಲಿಯ ಮಳೆಗಾಲದ ಥಂಡಿಯಲ್ಲಿ ಬೂಷ್ಟು ಬರಲು ಹೊತ್ತು ಬೇಕಿಲ್ಲ. ಬೂಷ್ಟೆಂದರೆ ಜೀವರಾಶಿ. ಅದನ್ನು ದನಕ್ಕೂ ಹಾಕಬಾರದು.

ಗಟ್ಟಿಯಾದ ಪಾವು ಒಣಗಿದೆ ಎಂದು ಬಹಳ ಜನ ತಿಳಿಯುತ್ತಾರೆ. ಹಾಗಲ್ಲ. ಪಾವಿನ ತೂಕದಲ್ಲಿ ಮೂರರಲ್ಲಿ ಒಂದು ಪಾಲು ನೀರೇ ಇರುತ್ತದೆ. ಅದು ಬಿರುಸಾಗುವುದು ಒಳಗಿನ ಪಿಷ್ಟ ಬಿಗಿದುಕೊಳ್ಳುವುದರಿಂದ. ನೀರು ಬಹುಪಾಲು ಅಲ್ಲೇ ಇರುತ್ತದೆ, ಬೂಷ್ಟು ಹಿಡಿಯುವುದೂ ಅದರಿಂದಲೇ. ಆ ನೀರನ್ನು ಅದೇ ದಿನ ತೆಗೆಯಬೇಕು.

ದಾರಿ ತೋರಿಸಿದವಳು ಸೊಸೆ. ಹೋಟೆಲಿನಲ್ಲಿ ಸೂಪಿನ ಮೇಲೆ ತೇಲಿಬಿಡುವ ಗರಿಗರಿ ತುಂಡು ನೋಡಿದ್ದೀರಲ್ಲ, ಅದಕ್ಕೆ ಕ್ರೂಟಾನ್ ಎನ್ನುತ್ತಾರೆ. ಫ್ರೆಂಚರ ಮಾತು, ರೊಟ್ಟಿಯ ಮೇಲಿನ ಗಟ್ಟಿ ಪದರ ಎಂಬುದರಿಂದ ಬಂದದ್ದು. ಹೋಟೆಲಿನವರು ಬೆಳ್ಳುಳ್ಳಿ ಹಾಕುವುದುಂಟು, ನಮಗೆ ಅದು ಬೇಡ. ಮಧ್ಯಾಹ್ನ ನಾಲ್ಕಕ್ಕೆ ಉಳಿದ ಪಾವನ್ನು ಅರ್ಧ ಅಂಗುಲದ ತುಂಡು ಮಾಡಬೇಕು. ದಪ್ಪ ತವೆಯ ಮೇಲೆ ಸಣ್ಣ ಉರಿಯಲ್ಲಿ, ಬಿಡದೆ ತಿರುವುತ್ತ, ಇಪ್ಪತ್ತು ಇಪ್ಪತ್ತೈದು ನಿಮಿಷ. ಅವಸರಕ್ಕೆ ಉರಿ ಏರಿಸಿದರೆ ಹೊರಗೆ ಕಪ್ಪು, ಒಳಗೆ ಮೆತ್ತಗೆ. ಒಂದು ತುಂಡು ಮುರಿದು ನೋಡಿ. ಟಕ್ಕೆಂದು ಮುರಿದರೆ ಆಯಿತು. ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ. ಬಿಸಿ ಇರುವಾಗ ಮುಚ್ಚಿದರೆ ಹಬೆ ನೀರಾಗಿ ಕೆಳಗಿಳಿಯುತ್ತದೆ, ಪಟ್ಟ ಕಷ್ಟವೆಲ್ಲ ದಂಡ. ಉಪ್ಪು, ತುಪ್ಪ ಮೊದಲೇ ಹಾಕಬೇಡಿ. ಉಪ್ಪು ಥಂಡಿ ಎಳೆಯುತ್ತದೆ, ತುಪ್ಪ ಕಮಟುತ್ತದೆ. ಬೇಕಾದಾಗ ಒಂದು ಚಮಚ ತುಪ್ಪದಲ್ಲಿ ಜೀರಿಗೆ, ಇಂಗು, ಮೆಣಸಿನ ಪುಡಿ ಬಾಡಿಸಿ ತುಂಡುಗಳನ್ನು ಹೊರಳಿಸಿ ಉಪ್ಪು ಉದುರಿಸಿದರೆ ಸಾಕು. ಹೆಸರುಬೇಳೆ ಕಟ್ಟಿನ ಮೇಲೆ ಬಡಿಸುವಾಗಲೇ ಹಾಕಿ. ತವಡು ಅಂಟಿದ ಪೊಯಿ ಇದ್ದರೆ ಒಳಗೆ ಪೊಳ್ಳು, ತುಂಡು ಬರುವುದಿಲ್ಲ. ಪಟ್ಟಿಯಂತೆ ಹರಿದು ಹುರಿದರೆ ಹಪ್ಪಳದಂತಾಗುತ್ತದೆ. ನನಗೆ ಇದೇ ಹೆಚ್ಚು ರುಚಿ.

ಇದು ಎಷ್ಟು ದಿನ ನಡೆದೀತು ಎಂದು ಅತ್ತೆ ಸೊಸೆಗೆ ಚರ್ಚೆಯಾಯಿತು. ಖಾಖ್ರಾದಂತೆ ಒಣಗಿದ್ದಲ್ಲವೇ, ಹದಿನೈದು ದಿನ ಇರಲಿ ಅತ್ತೆ ಎಂದಳು ಸೊಸೆ. ಹಿಟ್ಟಿಗೆ ಹಿರಿಯರು ಹೇಳಿದ ಮರ್ಯಾದೆಯೇ ಇದಕ್ಕೂ ಎಂದಳು ಅತ್ತೆ: ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7. ಅಂಗಡಿಯಲ್ಲಿ ಆಷಾಢದ ಮೈದಾ ಚೀಲ ಮುಟ್ಟಿ ಬಲ್ಲ ನಾನು ಅತ್ತೆಯ ಪಕ್ಷ. ಈಗ ಡಬ್ಬಿಯ ಮೇಲೆ ತಾರೀಕಿನ ಚೀಟಿ ಅಂಟಿಸುವುದು ಆಕೆಯ ಕೆಲಸ; ತಾನು ಮಾತ್ರ ಒಂದು ತುಂಡೂ ಬಾಯಿಗೆ ಹಾಕುವುದಿಲ್ಲ.

ಉಳಿಯುವುದನ್ನು ಎಣಿಸತೊಡಗಿದ ಮೇಲೆ ಹತ್ತರ ಬದಲು ಏಳು ಪಾವು ತರಿಸಿದೆವು. ಡಬ್ಬಿ ಖಾಲಿಯೆಂದು ಮೊಮ್ಮಗನ ದೂರು ಬಂತು. ಈಗ ಎಂಟು ತರುತ್ತೇವೆ.