ಕುಳ್ಕುಂದ ಶಿವರಾಯರ ಮಗಳು

2019ರ ಜನವರಿ ಕೊನೆಯ ವಾರ. ಸುಳ್ಯದ ಕಡೆ ಆಗ ಚಾಲಿ ಅಡಿಕೆ ಸುಲಿಯುವ ಹೊತ್ತು. ಹಗಲು ಸುಡುವ ಬಿಸಿಲು, ರಾತ್ರಿ ಪಶ್ಚಿಮ ಘಟ್ಟದಿಂದ ಇಳಿದು ಬರುವ ಚಳಿ. ನಮ್ಮ ಅಂಗಳದ ಮೂಲೆಯಲ್ಲಿ ಅಡಿಕೆ ಸಿಪ್ಪೆಗೆ ಬೆಂಕಿ ಕೊಟ್ಟು, ಸುತ್ತ ಸುಲಿಯುವ ಕತ್ತಿ ಇಟ್ಟುಕೊಂಡು ಕೂತಿದ್ದೆವು. ಅಕ್ಕಪಕ್ಕದ ಮನೆಯ ಹೆಂಗಸರು ನಾಲ್ಕೈದು ಮಂದಿ, ಕಾಲೇಜಿಗೆ ಹೋಗುವ ಒಬ್ಬಳು ಹುಡುಗಿ, ಮತ್ತೆ ನಿವೃತ್ತರಾದ ಮೇಲೆ ಪುಸ್ತಕ ಬಿಟ್ಟು ಬೇರೇನೂ ಬೇಡವಾಗಿದ್ದ ನಮ್ಮ ಮಾಸ್ಟ್ರು. ಮಾಸ್ಟ್ರು ಅಡಿಕೆ ಸುಲಿಯುವುದಿಲ್ಲ. ಪೇಪರ್ ಓದಿ ಹೇಳುವುದು ಅವರ ಪಾಲಿನ ಕೆಲಸ.

ಕೋಲ್ಕತ್ತಾದ ಸಾಹಿತ್ಯ ಮೇಳದಲ್ಲಿ ದಕ್ಷಿಣ ಏಷ್ಯಾದ ಸಾಹಿತ್ಯಕ್ಕೆ ಕೊಡುತ್ತಿದ್ದ ಡಿಎಸ್‌ಸಿ ಪ್ರಶಸ್ತಿ ಘೋಷಣೆಯಾಗಿತ್ತು. ಬಂದದ್ದು ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳ ಇಂಗ್ಲಿಷ್ ರೂಪ ‘ನೋ ಪ್ರೆಸೆಂಟ್ಸ್ ಪ್ಲೀಸ್’ಗೆ. ಅನುವಾದಗೊಂಡ ಪುಸ್ತಕವೊಂದಕ್ಕೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. 25,000 ಡಾಲರ್ ಬಹುಮಾನ, ಲೇಖಕರಿಗೂ ಅನುವಾದಕರಿಗೂ ಸಮಪಾಲು. ಗೋಕರ್ಣದ ಕಾಯ್ಕಿಣಿಯವರಿಗೆ ಬಂತೆಂದು ನಾವೆಲ್ಲ ಖುಷಿಪಟ್ಟೆವು. ಮಾಸ್ಟ್ರು ಕನ್ನಡಕ ತೆಗೆದು ನಮ್ಮನ್ನು ನೋಡಿದರು. “ಅನುವಾದ ಮಾಡಿದ್ದು ಯಾರು ಗೊತ್ತುಂಟಾ? ತೇಜಸ್ವಿನಿ ನಿರಂಜನ. ನಮ್ಮ ಕುಳ್ಕುಂದ ಶಿವರಾಯರ ಮಗಳು!”

ಕುಳ್ಕುಂದ ಅಂದರೆ ಹೆಂಗಸರಿಗೆ ಥಟ್ಟನೆ ನೆನಪಾದದ್ದು ಜಾನುವಾರು ಜಾತ್ರೆ. ಸುಬ್ರಹ್ಮಣ್ಯದ ಷಷ್ಠಿಯ ಸುಮಾರಿಗೆ ಎತ್ತು, ಹೋರಿಗಳ ಹಿಂಡು ಅಲ್ಲಿಗೆ ಬರುತ್ತಿದ್ದ ಕಾಲವನ್ನು ಕಂಡವರು ಅವರು. ಅಂಥ ಊರಲ್ಲಿ 1924ರ ಜೂನ್ 15ರಂದು ಹುಟ್ಟಿದ ಶಿವರಾಯನೆಂಬ ಹುಡುಗ ಕಾದಂಬರಿಕಾರ ನಿರಂಜನನಾದ ಎಂಬುದು ಅವರಿಗೆ ಹೊಸ ಸಂಗತಿ. ಮೊದಲು ಆ ಊರು ಪುತ್ತೂರು ತಾಲೂಕು. ಸುಳ್ಯ ಬೇರೆಯಾದಾಗ ಸುಳ್ಯಕ್ಕೆ ಬಂತು, ಈಗ ಕಡಬಕ್ಕೆ ಸೇರಿದೆ. ಮೂರು ತಾಲೂಕುಗಳೂ ಅವರನ್ನು ನಮ್ಮವರೆಂದು ಹೇಳಿಕೊಳ್ಳಬಹುದು. ಆದರೆ ಹೇಳಿಕೊಂಡದ್ದು ಕಡಿಮೆ, ಅದು ನನಗೆ ಈಗಲೂ ನೋವಿನ ವಿಷಯ.

ಆ ರಾತ್ರಿ ಮಾಸ್ಟ್ರು ಬೆಂಕಿಗೆ ಇನ್ನೊಂದು ಬುಟ್ಟಿ ಸಿಪ್ಪೆ ಹಾಕಿಸಿ ಕತೆ ಶುರುಮಾಡಿದರು. ಆರಂಭಿಸಿದ್ದು ನಮಗೆ ಗೊತ್ತಿರುವಲ್ಲಿಂದಲೇ, 1837ರಿಂದ. 1834ರಲ್ಲಿ ಕಂಪೆನಿಯವರು ಕೊಡಗನ್ನು ನುಂಗಿದರು. ಕೊಡಗಿನ ಅರಸರ ಕೈಯಲ್ಲಿದ್ದ ಅಮರ ಸುಳ್ಯ, ಪುತ್ತೂರು ಮಾಗಣೆಗಳನ್ನು ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿದರು. ಭತ್ತದಲ್ಲಿ ಕಂದಾಯ ಅಳೆದು ಕೊಡುತ್ತಿದ್ದ ರೈತ ಇನ್ನು ನಗದು ಎಣಿಸಬೇಕಾಯಿತು. ರೊಕ್ಕ ಎಲ್ಲಿಂದ ಬರಬೇಕು? ಮೂರು ವರ್ಷದಲ್ಲಿ ಊರು ಸಿಡಿಯಿತು. ಬೆಳ್ಳಾರೆಯ ಖಜಾನೆ ರೈತರ ಕೈವಶವಾಯಿತು. ಕೆದಂಬಾಡಿ ರಾಮಯ್ಯಗೌಡರ ಮುಂದಾಳುತನದಲ್ಲಿ, ಕಲ್ಯಾಣಸ್ವಾಮಿ ಎಂಬ ಹೆಸರು ಹೊತ್ತ ಪುಟ್ಟಬಸಪ್ಪನನ್ನು ಮುಂದಿಟ್ಟುಕೊಂಡು ದಂಡು ಪುತ್ತೂರು ದಾಟಿ ಮಂಗಳೂರಿಗೆ ನಡೆಯಿತು. ಏಪ್ರಿಲ್ 5ರಂದು ಬಾವುಟಗುಡ್ಡೆಯಲ್ಲಿ ಬಾವುಟ ಏರಿಸಿ, 13 ದಿನ ಮಂಗಳೂರು ಆಳಿತು. ಆಮೇಲೆ ಬಿಕರ್ನಕಟ್ಟೆಯ ನೇಣು. ಪುಸ್ತಕಗಳಲ್ಲಿ ಇದು ಬಹುಕಾಲ ‘ಕಲ್ಯಾಣಪ್ಪನ ಕಾಟಕಾಯಿ’, ಬರೀ ಒಂದು ಗಲಾಟೆ ಅಷ್ಟೆ. ಅದನ್ನು ಕಾದಂಬರಿಯಾಗಿ ಎತ್ತಿಕೊಂಡು, ಬಂಡೆದ್ದ ರೈತನ ಮಗ್ಗುಲಲ್ಲಿ ನಿಂತು ಬರೆದವರು ನಿರಂಜನ. ಕಾದಂಬರಿಯ ಹೆಸರೂ ‘ಕಲ್ಯಾಣಸ್ವಾಮಿ’. ಸುಳ್ಯದಲ್ಲಿ ಶಾಲೆ ಕಲಿತ ಹುಡುಗ ತನ್ನ ಮಣ್ಣಿಗೆ ತೀರಿಸಿದ ಋಣ ಅದು ಎಂದೇ ನಾನು ತಿಳಿದಿದ್ದೇನೆ.

ಪ್ರೌಢಶಾಲೆಗೆ ಅವರು ನೀಲೇಶ್ವರಕ್ಕೆ ಹೋದರು. ಪಕ್ಕದಲ್ಲೇ ಕಯ್ಯೂರು. ಜಮೀನ್ದಾರರ, ಪೊಲೀಸರ ವಿರುದ್ಧ ಅಲ್ಲಿಯ ರೈತರು ಎದ್ದು ನಿಂತದ್ದು 1941ರಲ್ಲಿ. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರು ಯುವಕರನ್ನು ನೇಣಿಗೇರಿಸಿದರು. ಆ ನಾಲ್ವರು ನಿರಂಜನರ ಒಳಗೆ ಹನ್ನೆರಡು ವರ್ಷ ಕೂತಿದ್ದರು. 1955ರಲ್ಲಿ ‘ಚಿರಸ್ಮರಣೆ’ ಬಂತು. ಸಿ. ರಾಘವನ್ ಅದನ್ನು ಮಲಯಾಳಕ್ಕೆ ತಂದ ಮೇಲೆ ಕೇರಳದಲ್ಲಿ ಅದು ಮನೆಮನೆಯ ಪುಸ್ತಕವಾಯಿತು. ಕೇರಳದಲ್ಲಿ ಎಷ್ಟೋ ಜನ ಅದನ್ನು ತಮ್ಮ ಭಾಷೆಯದೇ ಕಾದಂಬರಿ ಎಂಬಂತೆ ಓದಿದ್ದಾರೆ. ಇಂಗ್ಲಿಷಿಗೆ ‘ದ ಸ್ಟಾರ್ಸ್ ಶೈನ್ ಬ್ರೈಟ್ಲಿ’ ಎಂಬ ಹೆಸರಲ್ಲಿ ತಂದದ್ದು ಸ್ವಂತ ಮಗಳು.

“ಅಪ್ಪನ ಪುಸ್ತಕವನ್ನೇ?” ಎಂದು ಕಾಲೇಜು ಹುಡುಗಿ ಕತ್ತಿ ನಿಲ್ಲಿಸಿದಳು. ಹೌದು, ಅಪ್ಪನದನ್ನೇ. ನಾನು ಇದನ್ನು ಆಮೇಲೆ ತುಂಬ ಸಲ ಯೋಚಿಸಿದ್ದೇನೆ. ಅಪ್ಪನ ಒಂದೊಂದು ವಾಕ್ಯವನ್ನೂ ತೂಗಿ, ಇದು ಇಂಗ್ಲಿಷಲ್ಲಿ ನಿಲ್ಲುತ್ತದೋ ಇಲ್ಲವೋ ಎಂದು ತೀರ್ಮಾನಿಸುವಾಗ ಮಗಳು ಮಗಳಾಗಿ ಉಳಿಯುವುದಿಲ್ಲ. ಅಪ್ಪನ ಅತಿ ಹತ್ತಿರದ, ಅತಿ ನಿಷ್ಠುರ ಓದುಗಾರ್ತಿಯಾಗುತ್ತಾಳೆ.

ಆ ಮನೆಯೇ ಹಾಗಿತ್ತು. ಶಿವರಾಯ ಮೊದಲು ‘ಕಿಶೋರ’ ಎಂದು ಬರೆದು ಆಮೇಲೆ ‘ನಿರಂಜನ’ರಾದರು. ಅವರ ಪತ್ನಿ, ವೆಂಕಟಲಕ್ಷ್ಮಿ ಎಂಬ ವೈದ್ಯೆ, ಅನುಪಮಾ ನಿರಂಜನರಾಗಿ, ರೋಗಿಗಳನ್ನು ನೋಡುತ್ತಲೇ ಕಾದಂಬರಿಗಳನ್ನೂ ಹೆಣ್ಣುಮಕ್ಕಳಿಗೆ ಆರೋಗ್ಯದ ಪುಸ್ತಕಗಳನ್ನೂ ಬರೆದರು. ಮಕ್ಕಳಾದ ತೇಜಸ್ವಿನಿ, ಸೀಮಂತಿನಿ ಇಬ್ಬರಿಗೂ ಅಪ್ಪನ ಕಾವ್ಯನಾಮವೇ ಮನೆತನದ ಹೆಸರಾಯಿತು. ಸೀಮಂತಿನಿ ಸಮಾಜಶಾಸ್ತ್ರದ ಕಡೆ ನಡೆದರು.

ಕಾದಂಬರಿಕಾರ ನಿರಂಜನರನ್ನು ಹೊಗಳುವವರು ಬೇಕಾದಷ್ಟು ಇದ್ದಾರೆ. ಆ ರಾತ್ರಿ ಮಾಸ್ಟ್ರು ಹೆಚ್ಚು ಹೊತ್ತು ಮಾತಾಡಿದ್ದು ಸಂಪಾದಕ ನಿರಂಜನರ ಬಗ್ಗೆ. ನಮ್ಮ ಸೀಮೆಯಲ್ಲಿ ಮಕ್ಕಳಿಗೆ ಲೋಕಜ್ಞಾನ ಹಂಚುವ ಹುಚ್ಚು ಹಳೆಯದು. ಶಿವರಾಮ ಕಾರಂತರು 1936ರಲ್ಲೇ ಮೂರು ಸಂಪುಟಗಳ ‘ಬಾಲಪ್ರಪಂಚ’ ಕೊಟ್ಟರು. ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯ ನಡೆಸಿದರು. ನಿರಂಜನರು ಅದೇ ಹಾದಿಯಲ್ಲಿ ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ ಕಟ್ಟಿದರು. ಪಾರ್ಶ್ವವಾಯು ಬಡಿದು ದೇಹ ಸ್ವಾಧೀನ ತಪ್ಪಿದ ಮೇಲೂ ಕೆಲಸ ನಿಲ್ಲಲಿಲ್ಲ. ಪ್ರಾಚೀನ ಈಜಿಪ್ಟಿನ ಬಂಡಾಯದ ಕಾದಂಬರಿ ‘ಮೃತ್ಯುಂಜಯ’ ಬಂದದ್ದು ಆ ಅವಸ್ಥೆಯಲ್ಲಿ. ನಂತರ 1980ರಿಂದ ಎರಡು ವರ್ಷಗಳಲ್ಲಿ ನವಕರ್ನಾಟಕ ಪ್ರಕಾಶನಕ್ಕಾಗಿ ‘ವಿಶ್ವಕಥಾಕೋಶ’, 25 ಸಂಪುಟಗಳು! ದೇಶ ದೇಶದ ಕತೆಗಳನ್ನು ಆರಿಸುವುದು, ಅನುವಾದಕರನ್ನು ಹುಡುಕುವುದು, ಅವರ ಕನ್ನಡವನ್ನು ತಿದ್ದುವುದು, ಕರಡು ನೋಡುವುದು. ಇದರಲ್ಲಿ ಕೀರ್ತಿ ಕತೆಗಾರನಿಗೆ ಹೋಗುತ್ತದೆ, ಸ್ವಲ್ಪ ಅನುವಾದಕನಿಗೆ. ಸಂಪಾದಕನ ಬೆನ್ನುನೋವು ಸಂಪಾದಕನಿಗೇ. ಸ್ವಂತ ಬರವಣಿಗೆಗೆ ಮೀಸಲಾಗಬೇಕಿದ್ದ ಶಕ್ತಿಯನ್ನು ಅನಾರೋಗ್ಯದ ದಿನಗಳಲ್ಲಿ ಇತರರ ಕತೆಗಳಿಗೆ ಸುರಿದ ಮನುಷ್ಯ ಅವರು. ಮಗಳಿಗೆ ಸಿಕ್ಕ ಆಸ್ತಿ ಅವರ ಕಾದಂಬರಿಗಳಿಗಿಂತ ಹೆಚ್ಚಾಗಿ ಈ ಗುಣ ಎಂದು ನನಗೆ ಅನ್ನಿಸುವುದು.

ಏಕೆಂದರೆ ತೇಜಸ್ವಿನಿಯವರ ಕೆಲಸವನ್ನು ನೋಡಿ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಅವರ ಇಂಗ್ಲಿಷಿನಲ್ಲಿ 1989ರಲ್ಲಿ ಬಂತು, ಸಾಹಿತ್ಯ ಅಕಾಡೆಮಿಯ ಅನುವಾದ ಬಹುಮಾನವನ್ನೂ ಪಡೆಯಿತು. 1991ರಲ್ಲಿ ತಾಯಿ ಹೋದರು, 1992ರ ಮಾರ್ಚಿನಲ್ಲಿ ತಂದೆ. ಅದೇ 1992ರಲ್ಲಿ ಅಮೆರಿಕದಿಂದ ಅವರ ‘ಸೈಟಿಂಗ್ ಟ್ರಾನ್ಸ್‌ಲೇಶನ್’ ಹೊರಬಂತು. ಅನುವಾದವೆಂಬುದು ಆಳುವವರ ಕೈಯಲ್ಲಿ ಹೇಗೆ ಆಯುಧವಾಗುತ್ತದೆ ಎಂದು ವಿಲಿಯಂ ಜೋನ್ಸ್‌ನ ಕಾಲದಿಂದ ಹಿಡಿದು, ಅಲ್ಲಮನ ವಚನವನ್ನು ಎ.ಕೆ. ರಾಮಾನುಜನ್ ಇಂಗ್ಲಿಷಿಗೆ ತಂದ ಬಗೆಯವರೆಗೆ ಪ್ರಶ್ನಿಸುವ ಪುಸ್ತಕ. ಕಂಪೆನಿಯ ವಿರುದ್ಧ ನಡೆದ ದಂಡಿನ ಕತೆ ಬರೆದವರ ಮಗಳು ಕಂಪೆನಿಯ ಅನುವಾದಗಳನ್ನು ವಿಚಾರಣೆಗೆ ನಿಲ್ಲಿಸಿದ್ದರಲ್ಲಿ ನನಗೆ ಆಶ್ಚರ್ಯ ಕಾಣುವುದಿಲ್ಲ. ಮರುವರ್ಷ ಇಬ್ಬರು ಜೊತೆಗಾರರೊಂದಿಗೆ ‘ಇಂಟರಾಗೇಟಿಂಗ್ ಮಾಡರ್ನಿಟಿ’ ಎಂಬ ಲೇಖನ ಸಂಕಲನವನ್ನು ಸಂಪಾದಿಸಿದರು. 1998ರಲ್ಲಿ ಬೆಂಗಳೂರಿನಲ್ಲಿ ಸಂಸ್ಕೃತಿ ಮತ್ತು ಸಮಾಜ ಅಧ್ಯಯನ ಕೇಂದ್ರವನ್ನು ಕಟ್ಟಿದವರಲ್ಲಿ ಅವರೂ ಒಬ್ಬರು.

ಕಾಯ್ಕಿಣಿಯವರ ಪುಸ್ತಕವೂ ಬರೀ ಅನುವಾದ ಅಲ್ಲ. ಹಲವು ವರ್ಷಗಳಲ್ಲಿ, ಬೇರೆ ಬೇರೆ ಸಂಕಲನಗಳಲ್ಲಿ ಚದುರಿದ್ದ ಕತೆಗಳಿಂದ ಮುಂಬಯಿಯವನ್ನು ಆಯ್ದು ಒಟ್ಟಿಗೆ ಇಟ್ಟದ್ದರಿಂದ ಆ ನಗರವೇ ಎದ್ದು ನಿಂತಿತು. ಆಯುವುದು ಸಂಪಾದಕರ ಕೆಲಸ. ಕಾಯ್ಕಿಣಿಯವರೂ ಗೋಕರ್ಣದ ಗೌರೀಶ ಕಾಯ್ಕಿಣಿ ಎಂಬ ಮಹಾ ಓದುಗ ತಂದೆಯ ಮಗ. ಪುಸ್ತಕ ತುಂಬಿದ ಎರಡು ಮನೆಗಳಲ್ಲಿ ಬೆಳೆದ ಇಬ್ಬರು ಒಂದು ಮುಖಪುಟದಲ್ಲಿ ಸೇರಿದರು ಎಂದು ಮಾಸ್ಟ್ರು ಹೇಳುವಾಗ ಅವರ ದನಿ ಸ್ವಲ್ಪ ಕಟ್ಟಿತು.

ಮರುದಿನ ರಾತ್ರಿ ಅವರು ಕಾಯ್ಕಿಣಿಯವರ ‘ದಗಡೂ ಪರಬನ ಅಶ್ವಮೇಧ’ ತಂದು ಗಟ್ಟಿಯಾಗಿ ಓದಿದರು. ಮದುಮಗನನ್ನು ಹೊತ್ತ ಕುದುರೆ ದಿಬ್ಬಣ ಬಿಟ್ಟು ಮುಂಬಯಿಯ ಬೀದಿಗಳಲ್ಲಿ ಓಡುವ ಕತೆ. ಗ್ರಂಥದ ಕನ್ನಡ ಅಷ್ಟಾಗಿ ಹಿಡಿಸದ ಇಬ್ಬರು ಅಜ್ಜಿಯರಿಗೆ ಕಾಲೇಜು ಹುಡುಗಿ ಅರೆಭಾಷೆಯಲ್ಲಿ ಹೇಳುತ್ತಾ ಹೋದಳು. ಒಂದೆರಡು ಕಡೆ ಅಜ್ಜಿಯರೇ ಅವಳನ್ನು ತಿದ್ದಿದರು, ಹಾಗಲ್ಲ ಮಗಾ, ನಮ್ಮಲ್ಲಿ ಹೀಗೆ ಹೇಳುವುದು ಎಂದು. ಮುಗಿದ ಮೇಲೆ ನಾಳೆಗೂ ಒಂದು ಕತೆ ಬೇಕು ಅಂದರು.

ಮಾಸ್ಟ್ರು ‘ಚಿರಸ್ಮರಣೆ’ ತಂದರು. ದೊಡ್ಡ ಕಾದಂಬರಿ, ಅಡಿಕೆ ಸುಲಿದು ಮುಗಿದರೂ ಅದು ಮುಗಿಯಲಿಲ್ಲ. ಉಳಿದ ಭಾಗವನ್ನು ಅಜ್ಜಿಯಂದಿರಿಗೆ ಮನೆಯಲ್ಲೇ ಓದಿ ಹೇಳುತ್ತೇನೆಂದು ಹುಡುಗಿ ಪುಸ್ತಕ ಕೇಳಿ ತೆಗೆದುಕೊಂಡು ಹೋದಳು.