ಕೈ ಹೇಳಿದರೆ ತಪ್ಪಿಲ್ಲ

ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ಅಂಗಳದಲ್ಲಿ ಹಳೆಯ ಕಲ್ಲುಗಳ ನಡುವೆ ಅಡ್ಡಾಡುವುದು ನನಗೆ ಇಷ್ಟ. ಸತಿ ಹೋದವರ ನೆನಪಿಗೆ ನಿಲ್ಲಿಸಿದ ಮಾಸ್ತಿಕಲ್ಲುಗಳಲ್ಲಿ ಮೇಲೆತ್ತಿದ ಹೆಣ್ಣಿನ ತೋಳೊಂದು ಇರುತ್ತದೆ. ಬಳೆಗಳನ್ನು ಶಿಲ್ಪಿ ಒಂದೊಂದಾಗಿ ಬಿಡಿಸುತ್ತಾನೆ. ಮೊಣಕೈಯ ಮಡಿಕೆಯನ್ನೂ ಮರೆಯುವುದಿಲ್ಲ. ಆದರೆ ಚರ್ಮದ ಮೇಲಿನ ಹಸಿರು ಗೆರೆ ಉಳಿಗೆ ದಕ್ಕುವಂಥದ್ದಲ್ಲ. ಹಚ್ಚೆಯ ವಿಷಯದಲ್ಲಿ ಕಲ್ಲು ಮೂಕ.

ಹಿಮ ಮತ್ತು ಮರಳು ಮಾತ್ರ ಆ ಗೆರೆಗಳನ್ನು ಕಾಪಾಡಿಕೊಂಡಿವೆ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕ, ಸುಮಾರು 5300 ವರ್ಷ ಹಿಂದಿನ ಓಟ್ಸಿ ಎಂಬ ಮನುಷ್ಯನ ಮೈಮೇಲೆ 61 ಹಚ್ಚೆ ಗುರುತುಗಳಿವೆ. ಚಿತ್ರಗಳಲ್ಲ, ಬರೀ ಗೀಟು ಮತ್ತು ಅಡ್ಡಗೀಟು. ಅದೂ ಹೆಚ್ಚಾಗಿ ಸೊಂಟ, ಮಂಡಿ, ಹರಡಿನ ಹತ್ತಿರ. ಆ ಕೀಲುಗಳು ಸವೆದಿದ್ದವು. ಹಾಗಾಗಿ ನೋವಿಗೆ ಮಾಡಿಸಿಕೊಂಡ ಚಿಕಿತ್ಸೆ ಇರಬೇಕೆಂದು ಹಲವರು ಎಣಿಸುತ್ತಾರೆ. ಈಜಿಪ್ಟಿನ ಗೆಬೆಲೈನ್‌ನಲ್ಲಿ ಸಿಕ್ಕು ಬ್ರಿಟಿಷ್ ಮ್ಯೂಸಿಯಂ ಸೇರಿದ ಶವವೊಂದರ ತೋಳಿನಲ್ಲಿ ಕಾಣುತ್ತಿದ್ದುದು ಒಂದು ಕಪ್ಪು ಕಲೆ ಅಷ್ಟೇ. ಅವಕೆಂಪು ಕಿರಣದಲ್ಲಿ ನೋಡಿದಾಗ ಅದು ಗೂಳಿ ಮತ್ತು ಕಾಡುಕುರಿ ಎಂದು ತಿಳಿಯಿತು. 2018ರಲ್ಲಿ ಜಗತ್ತಿಗೆ ಗೊತ್ತಾಯಿತು. ಐದು ಸಾವಿರ ವರ್ಷ ಕಳೆದರೂ ಮಸಿ ಮಸಿಯಾಗಿಯೇ ಇತ್ತು.

ನಮ್ಮ ಮಲೆನಾಡಿನ ಸೆರಗಿನಲ್ಲಿ ಸತ್ತವರನ್ನು ಸುಡುತ್ತೇವೆ, ಇಲ್ಲವೇ ಒದ್ದೆ ಮಣ್ಣಿಗೆ ಕೊಡುತ್ತೇವೆ. ಬೆಂಕಿ ಉಳಿಸುವುದಿಲ್ಲ, ಮಣ್ಣೂ ಉಳಿಸುವುದಿಲ್ಲ. ಇಲ್ಲಿ ಹಚ್ಚೆಯ ಚರಿತ್ರೆ ಓದಬೇಕೆಂದರೆ ಬದುಕಿರುವ ಅಜ್ಜಿಯರ ಕೈ ಹಿಡಿದೇ ಓದಬೇಕು.

ನಾನು ಓದಿದ ಮೊದಲ ಕೈ ನಮ್ಮಜ್ಜಿಯದು. ಭದ್ರಾವತಿ ಸೀಮೆಯ ಹಳ್ಳಿಯಾಕೆ. ಮುಂಗೈಯಲ್ಲಿ ತುಳಸಿಕಟ್ಟೆ, ಅದರ ಮೇಲೆ ಚುಕ್ಕಿಗಳ ರಂಗೋಲಿ, ಮಣಿಕಟ್ಟಿನ ಬಳಿ ಚೇಳು, ಒಳಗೈ ಕಡೆಗೆ ಅಜ್ಜನ ಹೆಸರು. ಜನಗಣತಿಯವರು ಬಂದು ಯಜಮಾನರ ಹೆಸರು ಕೇಳಿದಾಗ ಆಕೆ ಬಾಯಿ ಬಿಡದೆ ಕೈ ಚಾಚಿದ್ದನ್ನು ನೋಡಿದ್ದೇನೆ. ಆಮೇಲೆ ಯಾಕಜ್ಜಿ ಎಂದರೆ, "ಗಂಡನ ಹೆಸರು ಬಾಯಲ್ಲಿ ಹೇಳಬಾರದು ಕಣೋ. ಕೈ ಹೇಳಿದ್ರೆ ತಪ್ಪಿಲ್ಲ" ಅಂದಳು. ಓದು ಬರೆಹ ಬಾರದ ಹೆಂಗಸು, ಉಚ್ಚರಿಸಬಾರದ ಹೆಸರನ್ನು ಸಾಯುವತನಕ ಮೈಮೇಲೆ ಹೊತ್ತಿದ್ದಳು. ಆ ಕಾಲದ ದಾಂಪತ್ಯದ ಬಗ್ಗೆ ಇದಕ್ಕಿಂತ ನೇರವಾದ ದಾಖಲೆ ನನಗೆ ಎಲ್ಲೂ ಸಿಕ್ಕಿಲ್ಲ.

ಆ ಹಚ್ಚೆ ಹಾಕಿದವಳು ಕೊರವಿ, ಕೊರವ ಸಮುದಾಯದ ಹೆಂಗಸು. ಸುಗ್ಗಿ ಮುಗಿದ ಮೇಲೆ ಬುಟ್ಟಿ, ಮೊರ ಹೊತ್ತು ಬರುತ್ತಿದ್ದಳಂತೆ. ಜಗಲಿಯ ಮೇಲೆ ಹುಡುಗಿಯನ್ನು ಕೂರಿಸಿಕೊಂಡು, ದೀಪದ ಮಸಿಯನ್ನು ಹಾಲೂಡುವ ತಾಯಿಯ ಎದೆಹಾಲಿನಲ್ಲಿ ಕಲಸಿ, ಸೂಜಿಗಳನ್ನು ಒಟ್ಟಿಗೆ ಕಟ್ಟಿ ಚುಚ್ಚುವಳು. ಉರಿ ಮರೆಸಲು ಹಾಡುವಳು. ಕೊನೆಗೆ ಅರಿಶಿನ ಬಳಿಯುವಳು. ಮೇಲ್ಚರ್ಮ ಉದುರಿ ಹೊಸದಾಗುತ್ತಲೇ ಇರುತ್ತದೆ. ಅದರ ಕೆಳಪದರಕ್ಕೆ ಇಳಿದ ಮಸಿಯನ್ನು ಮಾತ್ರ ದೇಹದ ಕಾವಲು ಕೋಶಗಳು ನುಂಗಿ ಹಿಡಿದಿಟ್ಟುಕೊಳ್ಳುತ್ತವೆ. ಒಂದು ಕೋಶ ಸತ್ತರೆ ಅದು ಬಿಟ್ಟುಹೋದ ಮಸಿಯನ್ನು ಪಕ್ಕದ್ದು ನುಂಗುತ್ತದೆ. ಹೀಗೆ ಕೈಯಿಂದ ಕೈಗೆ ದಾಟಿಸುತ್ತ ಮೈಯೇ ಆ ಚಿತ್ರವನ್ನು ಕಾಯುತ್ತದೆ. ಕಪ್ಪು ಮಸಿ ಚರ್ಮದಡಿಯಿಂದ ಕಣ್ಣಿಗೆ ಹಸಿರಾಗಿ ಕಾಣುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಆ ಜಗಲಿ. ಕೊರವಿಗೆ ನಡುಮನೆಗೆ ಪ್ರವೇಶವಿರಲಿಲ್ಲ. ಆಕೆಗೆ ನೀರು ಕೊಡುವಾಗ ಮೇಲಿನಿಂದ ಹುಯ್ಯುತ್ತಿದ್ದರು. ಅದೇ ಮನೆಯ ಮಗಳ ತೋಳು ಗಂಟೆಗಟ್ಟಲೆ ಅವಳ ತೊಡೆಯ ಮೇಲಿರುತ್ತಿತ್ತು! ಬಿಂದು ಬಿಂದುವಾಗಿ ಬಂದ ರಕ್ತವನ್ನು ಅವಳೇ ಒರೆಸಬೇಕು. ಶಾಸ್ತ್ರವನ್ನೆಲ್ಲ ಒಂದು ಮಧ್ಯಾಹ್ನದ ಮಟ್ಟಿಗೆ ಮರೆತು, ಸಂಜೆ ಒಂದು ಮೊರ ರಾಗಿ, ಹಳೇ ಸೀರೆ ಕೊಟ್ಟು ಕಳಿಸಿ ಮತ್ತೆ ನೆನಪು ಮಾಡಿಕೊಳ್ಳುತ್ತಿದ್ದರು. ಆ ಕಾಲದ ಸರ್ಕಾರದ ಕಡತಗಳಲ್ಲಿ ಕೊರಚ, ಕೊರವರಿಗೆ ಅಂಟಿದ್ದ ಹೆಸರು 'ಅಪರಾಧಿ ಬುಡಕಟ್ಟು'. 1871ರಲ್ಲಿ ಹುಟ್ಟಿದ ಆ ಹೆಸರಿನ ಕಾನೂನು ಸತ್ತದ್ದು 1952ರಲ್ಲಿ. ಊರೂರಿಗೆ ಗುರುತು ಬರೆದವಳ ಮೇಲೆ ಸರ್ಕಾರ ಬರೆದ ಗುರುತು ಅದು. ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ.

ಇಂದು ಶಿವಮೊಗ್ಗದ ಹಚ್ಚೆ ಅಂಗಡಿಗಳಲ್ಲಿ ಯಂತ್ರದ ಸೂಜಿ ಗುಂಯ್‌ಗುಡುತ್ತದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್, ಅಭಿಮಾನಿಗಳ ಅಪ್ಪು, ತೀರಿಕೊಂಡ ಮೇಲೆ ಅಪ್ಪುವಿನ ಮುಖ ಎಷ್ಟೋ ಹುಡುಗರ ತೋಳು, ಎದೆಗಳನ್ನು ಸೇರಿತು. ಅದನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ಪ್ರೀತಿಗೆ ನೋವಿನ ಬೆಲೆ ಕೊಡುವ ಅಜ್ಜಿಯರ ಪದ್ಧತಿಯೇ ಅಲ್ಲಿಯೂ ಇದೆ.

ಭದ್ರಾವತಿಯ ಕೈಗಳು ಇನ್ನೂ ಬೇರೆ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಶುರು ಮಾಡಿದಾಗ ಅದರ ಕುಲುಮೆ ಉರಿದದ್ದು ಕಾಡಿನ ಕಟ್ಟಿಗೆಯ ಇದ್ದಿಲಿನಿಂದ. ಆ ಬೆಂಕಿಯ ಸುತ್ತ ನಾನಾ ಕಡೆಯ ಜನ ನೆಲೆಯಾದರು. ತಮಿಳು ಮನೆಗಳ ಮುದುಕಿಯರ ತೋಳಿನಲ್ಲಿ ತಮಿಳಕ್ಷರವಿದೆ, ತಾಂಡಾಗಳಿಂದ ಸಂತೆಗೆ ಬರುವ ಲಂಬಾಣಿ ಹೆಂಗಸರ ಗಲ್ಲದ ಮೇಲೆ ಚುಕ್ಕಿಗಳಿವೆ. ಹಳೇನಗರದಲ್ಲಿ ಮೀನು ಮಾರುತ್ತಿದ್ದ ಒಬ್ಬ ಪಾಟಿಯ, ಅಂದರೆ ತಮಿಳು ಅಜ್ಜಿಯ, ಕೈಯಲ್ಲಿ ನಮ್ಮಜ್ಜಿಯ ತುಳಸಿಕಟ್ಟೆಯೇ ಇತ್ತು. ಅದರ ಕೆಳಗಿನ ಹೆಸರು ಮಾತ್ರ ತಮಿಳಿನದು. ಕೊರವರ ಮನೆಮಾತು ತಮಿಳಿಗೆ ಹತ್ತಿರ, ಕನ್ನಡ ತೆಲುಗು ಬೆರೆತದ್ದು. ಅದಕ್ಕೇ ಕೇಳಿದೆ: ಹಚ್ಚೆ ಹಾಕಿದವಳು ಯಾವ ಭಾಷೆಯಲ್ಲಿ ಹಾಡಿದಳು ಪಾಟಿ?

ಮೀನಿನ ಮೇಲೆ ನೀರು ಚಿಮುಕಿಸುತ್ತ ಆಕೆ ಹೇಳಿದಳು: "ಯಾರಿಗ್ಗೊತ್ತಪ್ಪ. ನಾನು ಅಳ್ತಾ ಇದ್ದೆ, ಅವಳು ಹಾಡ್ತಾ ಇದ್ಲು. ಎರಡು ಕೈಗೂ ಹಾಕಿಸ್ಕೊಂಡೆ, ನೋಡು."